ಹಳೆಯ ಮನೆಲೆಕ್ಕದ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿಗೆ ಹಾಕುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಕನ್ನಡಿಗರಲ್ಲಿ ಕಂಪ್ಯೂಟರ್ ಮನೆಗೆ ಬಂದ ಹೊಸತರಲ್ಲೇ ಅದರಲ್ಲಿ ಲೆಕ್ಕ ಬರೆಯಲು ಕೂತವರು ಬಹಳ ಮಂದಿ. ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲ್ ನಡೆಸುವವರು, ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಸಿಡಿಯಿಂದ ಮೈಕ್ರೋಸಾಫ್ಟ್ ಮನಿ ಹಾಕಿಕೊಂಡವರು. ಈಗ ಆ ಕಂಪ್ಯೂಟರ್ ಕೈಕೊಟ್ಟಿದೆ. ಇಲ್ಲವೇ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ಮಕ್ಕಳು ಹೊಸ ಲ್ಯಾಪ್‌ಟಾಪ್ ತಂದಿಟ್ಟಿದ್ದಾರೆ. ಹಳೆಯ ಸಾಫ್ಟ್‌ವೇರ್ ಮಾತ್ರ ಅದರಲ್ಲಿ ಕೂರಲು ಒಲ್ಲೆ ಅನ್ನುತ್ತಿದೆ. ಡೊಂಬಿವಲಿ, ಮುಲುಂಡ್, ಮಾಟುಂಗಾ, ಎಲ್ಲಿಂದ ಫೋನ್ ಬಂದರೂ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ.

ಹೊಸ ಲ್ಯಾಪ್‌ಟಾಪ್ ಬಂತು. ಮೊದಲು ಸಿಡಿ ಹಾಕಲಾ?

ಬೇಡ. ಮೊದಲು ಲೆಕ್ಕದ ಫೈಲ್ ಹುಡುಕಿ, ಎರಡು ಕಡೆ ಕಾಪಿ ಮಾಡಿಡಿ. ಸಾಫ್ಟ್‌ವೇರ್ ಹೋದರೆ ಇನ್ನೊಂದು ಸಿಗುತ್ತದೆ. ಇಪ್ಪತ್ತು ವರ್ಷ ಕೂತು ಬರೆದ ಲೆಕ್ಕ ಎಲ್ಲಿಂದ ತರುತ್ತೀರಿ?

ಇನ್ನೊಂದು ಕಾರಣವೂ ಇದೆ. ಈ ಪ್ರೋಗ್ರಾಮ್‌ಗಳ ಹೊಸ ಆವೃತ್ತಿ ಹಳೆಯ ಫೈಲನ್ನು ತೆರೆದ ಕೂಡಲೇ ತನ್ನ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಆಮೇಲೆ ಹಳೆಯ ಆವೃತ್ತಿ ಆ ಫೈಲನ್ನು ಗುರುತು ಹಿಡಿಯುವುದಿಲ್ಲ. ಹಾಗಾಗಿ ಮುಟ್ಟದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲೇಬೇಕು. ಪ್ರಯೋಗ ಏನಿದ್ದರೂ ಇನ್ನೊಂದು ಪ್ರತಿಯ ಮೇಲೆ. ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಅದರಲ್ಲಿರುವ ಪ್ರೋಗ್ರಾಮನ್ನು ಈಗಲೇ ತೆಗೆಯಬೇಡಿ. ಹೊಸದರಲ್ಲಿ ಎಲ್ಲ ಸರಿಯಾಗಿ ಕಂಡ ಮೇಲೆ ತೆಗೆಯಿರಿ.

ಅಷ್ಟು ಹಳೆಯ ಲೆಕ್ಕ ಈಗ ಯಾಕೆ ಬೇಕು? ಬಿಟ್ಟುಬಿಟ್ಟರೆ ಆಗಲ್ವಾ?

ದಿನಸಿ, ಲೋಕಲ್ ಟ್ರೇನ್ ಪಾಸ್, ಕೇಬಲ್ ಬಿಲ್ಲು, ಇಷ್ಟೇ ಇದ್ದರೆ ಧಾರಾಳವಾಗಿ ಬಿಡಿ. ಷೇರು, ಮ್ಯೂಚುವಲ್ ಫಂಡ್, ಫ್ಲ್ಯಾಟು ಇದ್ದರೆ ಬಿಡಬೇಡಿ.

ಷೇರು ಮಾರಿದಾಗ ತೆರಿಗೆಗೆ ಕೊಂಡ ಬೆಲೆ ಬೇಕು. 2018ರ ಜನವರಿ 31ರವರೆಗೆ ಕೊಂಡ ಷೇರಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬಹುದು, ನಿಜ. ಆದರೆ ಅಲ್ಲೂ ನಿಮ್ಮ ನಿಜವಾದ ಕೊಂಡ ಬೆಲೆಯ ಜೊತೆ ಹೋಲಿಸಿಯೇ ಮುಂದುವರಿಯಬೇಕು. ಫ್ಲ್ಯಾಟಿನದು ಇನ್ನೂ ದೊಡ್ಡ ವಿಷಯ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ, ಇಲ್ಲೇ ವಾಸವಿರುವ ವ್ಯಕ್ತಿಗಳಿಗೆ ಎರಡು ದಾರಿ ಇಟ್ಟಿದ್ದಾರೆ: ಬೆಲೆಯೇರಿಕೆಯ ಹೊಂದಾಣಿಕೆ ಇಲ್ಲದೆ ಶೇಕಡಾ 12.5, ಅಥವಾ ಹೊಂದಾಣಿಕೆ ಮಾಡಿ ಶೇಕಡಾ 20. ಯಾವುದು ಲಾಭ ಎಂದು ನೋಡಲು 2004ರಲ್ಲಿ ಕೊಟ್ಟ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ, ಆಮೇಲೆ ಬಾಲ್ಕನಿ ಒಳಗೆ ಸೇರಿಸಿಕೊಂಡ ಖರ್ಚು, ಇವೆಲ್ಲ ಬೇಕಾಗುತ್ತದೆ. ನಿಮ್ಮ ಫೈಲಿನಲ್ಲಿ ಬರೆದದ್ದೇ ದಾಖಲೆ ಆಗುವುದಿಲ್ಲ. ಆದರೆ ಚೆಕ್ ನಂಬರು, ತಾರೀಕು ಅದರಲ್ಲಿರುತ್ತದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಯಾವ ರಸೀದಿ ಹುಡುಕಬೇಕು ಎಂದು ಅದೇ ಹೇಳುತ್ತದೆ.

ಫಂಡ್‌ಗಳದ್ದು ಮಾತ್ರ ಬೇಕಿದ್ದರೆ ಇಷ್ಟು ಒದ್ದಾಡಬೇಕಾಗಿಲ್ಲ. ಫಂಡ್‌ಗಳ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಕಂಪನಿಯ ಜಾಲತಾಣದಿಂದ ಎಲ್ಲ ಫಂಡ್‌ಗಳ ಒಟ್ಟು ಸ್ಟೇಟ್‌ಮೆಂಟ್ ಇಮೇಲಿಗೆ ತರಿಸಿಕೊಳ್ಳಬಹುದು.

ಫೈಲ್ ಎಲ್ಲಿದೆ ಅಂತಲೇ ಗೊತ್ತಿಲ್ಲ. ಹೇಗೆ ಹುಡುಕಲಿ?

ಹೆಸರಿನ ಬಾಲ ನೋಡಿ. ಮೈಕ್ರೋಸಾಫ್ಟ್ ಮನಿಯ ಫೈಲಿಗೆ ಚುಕ್ಕೆಯ ನಂತರ ಎಂ-ಎನ್-ವೈ ಇರುತ್ತದೆ. ಅದರ ಬ್ಯಾಕಪ್ಪಿಗೆ ಎಂ-ಬಿ-ಎಫ್. ಕ್ವಿಕನ್ ಎಂಬ ಇನ್ನೊಂದು ಲೆಕ್ಕದ ಪ್ರೋಗ್ರಾಮಿಗೆ ಕ್ಯೂ-ಡಿ-ಎಫ್. ಎಕ್ಸ್‌ಪ್ಲೋರರ್‌ನ ಹುಡುಕುವ ಜಾಗದಲ್ಲಿ ನಕ್ಷತ್ರ, ಚುಕ್ಕೆ, ಈ ಮೂರು ಅಕ್ಷರ ಹಾಕಿ ಇಡೀ ಸಿ ಡ್ರೈವ್ ಹುಡುಕಿ. ಅಡಗಿಸಿಟ್ಟ ಫೈಲ್‌ಗಳನ್ನೂ ತೋರಿಸುವ ಆಯ್ಕೆ ಆನ್ ಇರಲಿ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕಾದರೆ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರು, ಅದರೊಳಗೆ 'ಮೈ ಡಾಕ್ಯುಮೆಂಟ್ಸ್'.

ಇಲ್ಲಿ ಅನೇಕರನ್ನು ಆಟ ಆಡಿಸುವ ಒಂದು ಮೂಲೆ ಇದೆ. ಹಳೆಯ ಪ್ರೋಗ್ರಾಮ್‌ಗಳಲ್ಲಿ ಕೆಲವು ಲೆಕ್ಕದ ಫೈಲನ್ನು ತಮ್ಮದೇ ಫೋಲ್ಡರಿನಲ್ಲಿ, ಅಂದರೆ 'ಪ್ರೋಗ್ರಾಮ್ ಫೈಲ್ಸ್' ಒಳಗೆ ಇಡುತ್ತಿದ್ದವು. ವಿಂಡೋಸ್ ವಿಸ್ತಾ ಬಂದ ಮೇಲೆ ಅಲ್ಲಿ ಬರೆಯಲು ಸಾಮಾನ್ಯ ಪ್ರೋಗ್ರಾಮ್‌ಗೆ ಅನುಮತಿ ಇಲ್ಲ. ಪ್ರೋಗ್ರಾಮ್ ಕೆಟ್ಟು ನಿಲ್ಲದಿರಲಿ ಎಂದು ವಿಂಡೋಸ್ ಸದ್ದಿಲ್ಲದೆ ಆ ಫೈಲನ್ನು ಬೇರೆ ಕಡೆ ಬರೆಯುತ್ತದೆ. ಆ ಜಾಗ: ಯೂಸರ್ಸ್, ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್. ಪ್ರೋಗ್ರಾಮ್ ಫೋಲ್ಡರಿನಲ್ಲಿ 2008ರ ಫೈಲ್ ಕಂಡು ಇಷ್ಟೇನಾ ಎಂದು ತಲೆ ಮೇಲೆ ಕೈಹೊತ್ತವರ ಪಾಲಿಗೆ 2019ರವರೆಗಿನ ಲೆಕ್ಕ ವರ್ಚುವಲ್‌ಸ್ಟೋರಿನಲ್ಲಿ ತಣ್ಣಗೆ ಕೂತಿರುತ್ತದೆ. ಒಂದೇ ಹೆಸರಿನ ಎರಡು ಫೈಲ್ ಸಿಕ್ಕರೆ ಬದಲಾದ ತಾರೀಕು ಯಾವುದು ಹೊಸದೋ ಅದು ನಿಮ್ಮದು.

ವಿಂಡೋಸನ್ನೇ ಮೇಲಿನ ಆವೃತ್ತಿಗೆ ಏರಿಸಿದ್ದರೆ ಸಿ ಡ್ರೈವಿನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರೂ ನೋಡಿ. ಬೇಗ ನೋಡಿ. ಅದು ಸುಮಾರು 10 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.

ಹಳೆಯ ಲ್ಯಾಪ್‌ಟಾಪ್ ಆನ್ ಆಗುವುದೇ ಇಲ್ಲ. ಲೆಕ್ಕ ಹೋಯ್ತಾ?

ಲ್ಯಾಪ್‌ಟಾಪ್ ಸತ್ತರೆ ಡಿಸ್ಕ್ ಸತ್ತಿತು ಅಂತ ಅಲ್ಲ. ಹಾಳಾಗುವುದು ಜಾಸ್ತಿ ಮದರ್‌ಬೋರ್ಡ್, ಇಲ್ಲವೇ ಪವರ್ ಸಪ್ಲೈ. ಡಿಸ್ಕ್ ಬಿಚ್ಚಿ ತೆಗೆದು, ಯುಎಸ್‌ಬಿ ಕೇಸ್‌ಗೆ ಹಾಕಿ, ಹೊಸ ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ತರ ತೆರೆದುಕೊಳ್ಳುತ್ತದೆ. 'ಈ ಫೋಲ್ಡರ್ ನೋಡಲು ಅನುಮತಿ ಇಲ್ಲ' ಎಂದರೆ ಹೆದರಬೇಡಿ, ಕಂಟಿನ್ಯೂ ಒತ್ತಿ.

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಬೋರ್ಡಿನ ಮೇಲೆ ಡಾ. ಭಡ್ಕಮ್‌ಕರ್ ಮಾರ್ಗ ಅಂತ ಇರುತ್ತದೆ, ಬಾಯಲ್ಲಿ ಯಾರೂ ಹಾಗನ್ನುವುದಿಲ್ಲ. ಇಂಥ ಕೇಸ್, ಕೇಬಲ್ ಎಲ್ಲ ಅಲ್ಲಿ ಸಿಗುತ್ತದೆ. ಹೋಗುವಾಗ ಡಿಸ್ಕನ್ನೇ ಕೈಯಲ್ಲಿ ತೆಗೆದುಕೊಂಡು ಹೋಗಿ. ಎಕ್ಸ್‌ಪಿ ಕಾಲದ ಡಿಸ್ಕಿಗೆ ಸಾಲಾಗಿ ಸೂಜಿಯಂಥ ಪಿನ್ನು ಇರುತ್ತದೆ, ಅದು ಐಡಿಇ. ಆಮೇಲಿನದು ಚಪ್ಪಟೆ ಬಾಯಿಯ ಸಾಟಾ. ಒಂದರ ಕೇಸ್ ಇನ್ನೊಂದಕ್ಕೆ ಬರುವುದಿಲ್ಲ. ಅಂಗಡಿಯವರು 'ಡಿಸ್ಕ್ ಬಿಟ್ಟು ಹೋಗಿ, ನಾಳೆ ಬನ್ನಿ' ಎಂದರೆ ನನ್ನ ಸಲಹೆ: ಬೇಡ. ಅದರಲ್ಲಿ ನಿಮ್ಮ ಅಕೌಂಟ್ ನಂಬರು, ಪ್ಯಾನ್ ನಂಬರು ಎಲ್ಲ ಇದೆ. ಕೇಸ್ ಕೊಂಡು ಮನೆಗೆ ಬಂದು ನೀವೇ ಚುಚ್ಚಿ.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಕೆಡುತ್ತದೆ. ಅದು ಡೇಟಾ ತೆಗೆಯುವುದನ್ನೇ ಕಸುಬು ಮಾಡಿಕೊಂಡವರ ಕೆಲಸ.

ಸಿಡಿಗೆ ಬೂಷ್ಟು ಹಿಡಿದಿದೆ. ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ.

ಮುಂಬೈ ಮಳೆಗಾಲದಲ್ಲಿ ಬೀರುವಿನೊಳಗಿನ ಸಿಡಿಗೂ ಬೂಷ್ಟು ಬರುತ್ತದೆ. ಮೆತ್ತನೆಯ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿಕ್ಕಬೇಡಿ, ಗೀರು ಸುತ್ತಲೂ ಬಿದ್ದರೆ ಡ್ರೈವಿಗೆ ಓದಲಾಗುವುದಿಲ್ಲ. ಬೆಳಕಿಗೆ ಹಿಡಿದಾಗ ಬೆಳ್ಳಿ ಪದರದಲ್ಲೇ ತೂತು ಕಂಡರೆ ಆ ಸಿಡಿಯ ಆಸೆ ಬಿಡಿ.

ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ದಿನಕ್ಕೆ ಯಾರಿಂದಾದರೂ ಕೇಳಿ ತಂದರೂ ಸಾಕು. ಸಿಡಿ ಓದಿದ ಕೂಡಲೇ ಅದನ್ನು ಐಎಸ್‌ಓ ಫೈಲ್, ಅಂದರೆ ಇಡೀ ಸಿಡಿಯ ಪ್ರತಿ ಇರುವ ಒಂದೇ ಫೈಲ್, ಮಾಡಿಟ್ಟುಕೊಳ್ಳಿ. ವಿಂಡೋಸ್ 8ರಿಂದ ಈಚೆಗೆ ಐಎಸ್‌ಓ ಮೇಲೆ ಎರಡು ಸಲ ಒತ್ತಿದರೆ ಸಿಡಿ ಹಾಕಿದ ಹಾಗೇ ತೆರೆಯುತ್ತದೆ.

ಸೆಟಪ್ ಒತ್ತಿದರೆ 'ಈ ಆಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ' ಅನ್ನುತ್ತದೆ.

ಬಹುತೇಕ ಅದು 16 ಬಿಟ್ ಸೆಟಪ್, ಅಂದರೆ ತೀರಾ ಹಳೆಯ ಬಗೆಯದು. ಇವತ್ತಿನ 64 ಬಿಟ್ ವಿಂಡೋಸ್ 16 ಬಿಟ್ಟಿನದನ್ನು ನಡೆಸುವುದೇ ಇಲ್ಲ. ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ. 'ಕಂಪ್ಯಾಟಿಬಿಲಿಟಿ ಮೋಡ್' ಹಾಕಿದರೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಈ ತೊಂದರೆಗೆ ಅದು ಮದ್ದಲ್ಲ.

ತಮಾಷೆಯೆಂದರೆ 1990ರ ದಶಕದ ಕೊನೆಯ ಎಷ್ಟೋ ಪ್ರೋಗ್ರಾಮ್‌ಗಳು ಸ್ವತಃ 32 ಬಿಟ್ಟಿನವು, ಅವುಗಳ ಸೆಟಪ್ ಮಾತ್ರ 16 ಬಿಟ್ಟಿನದು. ಬಾಗಿಲು ಚಿಕ್ಕದು, ಮನೆ ದೊಡ್ಡದು. ಅಂಥವಕ್ಕೆ ಹಳೆಯ ಕಂಪ್ಯೂಟರಿನಿಂದ ಪ್ರೋಗ್ರಾಮಿನ ಇಡೀ ಫೋಲ್ಡರನ್ನೇ ಕಾಪಿ ಮಾಡಿ ತಂದು ನೋಡಬಹುದು. ಕೆಲವು ಹಾಗೇ ನಡೆಯುತ್ತವೆ. ಒಟಿವಿಡಿಎಂ ಎಂಬ ಉಚಿತ ಸಾಧನ 16 ಬಿಟ್ ವಿಂಡೋಸ್ ಪ್ರೋಗ್ರಾಮ್‌ಗಳನ್ನು 64 ಬಿಟ್ಟಿನಲ್ಲಿ ನಡೆಸುತ್ತದೆ, ಅದನ್ನೂ ಪ್ರಯತ್ನಿಸಿ. ಯಾವುದೂ ಆಗದಿದ್ದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಹಳೆಯ ವಿಂಡೋಸ್ ಕೂರಿಸುವುದು. ಅದಕ್ಕೆ ಹಳೆಯ ವಿಂಡೋಸಿನ ಲೈಸೆನ್ಸ್ ಇರಬೇಕು.

ಹೊಸ ಲ್ಯಾಪ್‌ಟಾಪ್ 'ಸ್ಟೋರ್‌ನಿಂದ ಬಂದ ಆಪ್ ಮಾತ್ರ ಹಾಕಬಹುದು' ಎಂದರೆ ಅದು ಬೇರೆ ಕಥೆ. ಅದು ಎಸ್ ಮೋಡ್‌ನಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಹಣ ಕೊಡದೆಯೇ ಅದರಿಂದ ಹೊರಬರಬಹುದು. ಮತ್ತೆ ಒಳಗೆ ಹೋಗಲಾಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ನನ್ನ ಹತ್ತಿರ ಮೈಕ್ರೋಸಾಫ್ಟ್ ಮನಿ 2007ರ ಸಿಡಿ ಇದೆ. ಅದನ್ನೇ ಹಾಕಲಾ?

ಅದರ ಬದಲು 'ಮನಿ ಪ್ಲಸ್ ಸನ್‌ಸೆಟ್' ಹಾಕಿ. ಮೈಕ್ರೋಸಾಫ್ಟ್ 2009ರ ಜೂನ್ 30ಕ್ಕೆ ಮನಿ ಮಾರುವುದನ್ನು ನಿಲ್ಲಿಸಿತು. ಅದರ ಆನ್‌ಲೈನ್ ಸೇವೆ 2011ರ ಜನವರಿ 31ಕ್ಕೆ ಮುಗಿಯಿತು. ಇದ್ದ ಬಳಕೆದಾರರು ನಡುನೀರಿನಲ್ಲಿ ಉಳಿಯಬಾರದೆಂದು 2010ರಲ್ಲಿ ಆಕ್ಟಿವೇಶನ್ ಬೇಡದ ಉಚಿತ ಆವೃತ್ತಿ ಬಿಟ್ಟರು. ಅದೇ ಸನ್‌ಸೆಟ್. ಡೀಲಕ್ಸ್ ಒಂದು, ಹೋಮ್ ಅಂಡ್ ಬಿಸಿನೆಸ್ ಇನ್ನೊಂದು. ಮನೆಲೆಕ್ಕಕ್ಕೆ ಡೀಲಕ್ಸ್ ಸಾಕು.

ಬೇರೆ ಬೇರೆ ತಾಣಗಳಲ್ಲಿ ಈ ಫೈಲ್ ಸಿಗುತ್ತದೆ, ಎಲ್ಲವೂ ಅಸಲಿ ಎಂದುಕೊಳ್ಳಬೇಡಿ. ಇಳಿಸಿಕೊಂಡ ಸೆಟಪ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ, 'ಡಿಜಿಟಲ್ ಸಿಗ್ನೇಚರ್ಸ್' ಪುಟದಲ್ಲಿ ಮೈಕ್ರೋಸಾಫ್ಟ್ ಹೆಸರು ಇದೆಯಾ ನೋಡಿ. ಆ ಪುಟವೇ ಇಲ್ಲದಿದ್ದರೆ ಅಳಿಸಿ.

ಸನ್‌ಸೆಟ್ ಅಮೆರಿಕದ ಆವೃತ್ತಿ, ಅಮೆರಿಕದ ಹಳೆಯ ಮನಿ ಫೈಲ್‌ಗಳನ್ನು ತೆರೆಯುತ್ತದೆ. ಲಂಡನ್ನಿನಿಂದ ತಂದ ಸಿಡಿಯಲ್ಲಿ ಬರೆದ ಲೆಕ್ಕವಾದರೆ ಬ್ರಿಟನ್ನಿನ ಮನಿ 2005 ಬೇಕು.

'ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಬೇಕು' ಅನ್ನುತ್ತದೆ. ಈಗ ಎಲ್ಲಿಂದ ತರುವುದು?

ತರಬೇಕಾಗಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಅದಕ್ಕಿಂತ ಹೊಸದೇ ಇದೆ, ಮನಿಗೆ ಎಣಿಸಲು ಬರುತ್ತಿಲ್ಲ ಅಷ್ಟೇ.

ಮನಿಯ ಮುಖಪುಟ, ವರದಿಗಳು ಎಲ್ಲ ಒಂದು ರೀತಿಯಲ್ಲಿ ವೆಬ್ ಪುಟಗಳು. ಅವನ್ನು ತೋರಿಸಲು ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಎಂಜಿನ್ ಬಳಸುತ್ತದೆ. ಆ ಬ್ರೌಸರ್ 2022ರ ಜೂನ್ 15ಕ್ಕೆ ನಿವೃತ್ತಿಯಾದರೂ ಎಂಜಿನ್ ವಿಂಡೋಸ್ ಒಳಗೆ ಉಳಿದಿದೆ. ಮನಿ ಶುರುವಾಗುವಾಗ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅದರ ಆವೃತ್ತಿ ಸಂಖ್ಯೆ ನೋಡುತ್ತದೆ. ಅಲ್ಲಿ 9.11 ಎಂದು ಶುರುವಾಗುವ ಉದ್ದ ಸಂಖ್ಯೆ ಇರುತ್ತದೆ. ಅದನ್ನು ಮನಿ ಒಪ್ಪುವುದಿಲ್ಲ. 9.10 ಆದರೆ ಒಪ್ಪುತ್ತದೆ.

ಹೀಗೆ ಮಾಡಿ. ಸ್ಟಾರ್ಟ್‌ನಲ್ಲಿ ರೆಜ್‌ಎಡಿಟ್ ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ವಾವ್6432ನೋಡ್, ಮೈಕ್ರೋಸಾಫ್ಟ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಹೀಗೆ ಒಂದೊಂದೇ ಬಿಚ್ಚುತ್ತಾ ಹೋಗಿ. ಬಲಗಡೆ 'ವರ್ಷನ್' ಎಂಬ ಸಾಲು. ಅದನ್ನು ಮುಟ್ಟುವ ಮೊದಲು ಫೈಲ್ ಮೆನುವಿನಿಂದ ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿಡಿ. ಆಮೇಲೆ 9.11 ಇದ್ದಲ್ಲಿ 9.10 ಮಾಡಿ, ಉಳಿದ ಅಂಕಿಗಳನ್ನು ಹಾಗೇ ಬಿಡಿ. ರಿಜಿಸ್ಟ್ರಿಯಲ್ಲಿ ಪಕ್ಕದ ಸಾಲನ್ನು ಸುಮ್ನೆ ಕುತೂಹಲಕ್ಕೆ ಅಂತಲೂ ಬದಲಾಯಿಸಬೇಡಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ ಸಂಖ್ಯೆ ಮತ್ತೆ 9.11 ಆಗಬಹುದು. ಆಗ ಇದೇ ಕೆಲಸ ಇನ್ನೊಮ್ಮೆ.

ಮನಿ ತೆರೆಯಿತು, ಫೈಲ್ ಮಾತ್ರ ತೆರೆಯುತ್ತಿಲ್ಲ.

ಬ್ಯಾಕಪ್ ಸಿಡಿಯಿಂದ ಕಾಪಿ ಮಾಡಿದ್ದೀರಾ? ಹಾಗಾದರೆ ಫೈಲಿಗೆ 'ರೀಡ್ ಓನ್ಲಿ' (ಓದಲು ಮಾತ್ರ) ಗುರುತು ಅಂಟಿಕೊಂಡಿರಬಹುದು. ಪ್ರಾಪರ್ಟೀಸ್‌ಗೆ ಹೋಗಿ ಆ ಟಿಕ್ ತೆಗೆಯಿರಿ. ಎಂ-ಬಿ-ಎಫ್ ಫೈಲಾದರೆ ನೇರ ತೆರೆಯುವುದಲ್ಲ, ಫೈಲ್ ಮೆನುವಿನ ರಿಸ್ಟೋರ್ ಮೂಲಕ ತನ್ನಿ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಬರೆಯಲಾಗುತ್ತಿಲ್ಲ ಎಂದರೆ ವಿಂಡೋಸ್ ಸೆಕ್ಯೂರಿಟಿಯ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ತಡೆಯುತ್ತಿರಬಹುದು. ಅಲ್ಲಿ ಮನಿಯ ಹೆಸರನ್ನು ಅನುಮತಿ ಪಟ್ಟಿಗೆ ಸೇರಿಸಿ. ಫೈಲನ್ನು ಒನ್‌ಡ್ರೈವ್ ಫೋಲ್ಡರಿನಲ್ಲಿ ಇಟ್ಟು ಕೆಲಸ ಮಾಡಬೇಡಿ. ನೀವು ಬರೆಯುತ್ತಿರುವಾಗಲೇ ಅದು ಮೇಲೆ ಕಳಿಸಲು ಹೋಗಿ ಜಗಳ ಶುರುವಾಗುತ್ತದೆ.

ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಕೇಳಿದರೆ ಅದು ಮೈಕ್ರೋಸಾಫ್ಟ್ ಪಾಸ್‌ಪೋರ್ಟ್, ಆಮೇಲೆ ವಿಂಡೋಸ್ ಲೈವ್ ಐಡಿ ಎಂದಾಯಿತು. ಸನ್‌ಸೆಟ್ ಅದನ್ನು ಬಳಸುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಫೈಲ್ ಇನ್ನೂ ತೆರೆಯುತ್ತಿದ್ದರೆ ಅಲ್ಲೇ ಆ ಪಾಸ್‌ವರ್ಡ್ ತೆಗೆದುಹಾಕಿ ಆಮೇಲೆ ತನ್ನಿ. ಅದಕ್ಕೇ ಹೇಳಿದ್ದು, ಹಳೆಯದನ್ನು ಬೇಗ ಗುಜರಿಗೆ ಹಾಕಬೇಡಿ ಅಂತ.

ಎಲ್ಲ ತೆರೆಯಿತು. ಆದರೆ ಏಪ್ರಿಲ್ 3ರ ಬಾಡಿಗೆ ಮಾರ್ಚ್ 4ಕ್ಕೆ ಹೋಗಿದೆ. ರೂಪಾಯಿ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ!

ಎರಡೂ ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗಿನ ಕಿತಾಪತಿ. ಮಗ ಅಮೆರಿಕದಿಂದ ತಂದ ಲ್ಯಾಪ್‌ಟಾಪ್ ಆದರೆ ತಿಂಗಳು ಮೊದಲು, ದಿನ ಆಮೇಲೆ. ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ 'ಇಂಗ್ಲಿಷ್, ಇಂಡಿಯಾ' ಮಾಡಿ. ಫೈಲ್ ತೆರೆಯುವ ಮೊದಲು ಮಾಡಿದರೆ ಒಳ್ಳೆಯದು. ಮನಿಯ ಒಳಗಿದ್ದ ಹಳೆಯ ತಾರೀಕುಗಳಿಗೆ ಏನೂ ಆಗಿರುವುದಿಲ್ಲ, ತೋರಿಸುವ ರೀತಿ ಬದಲಾಗಿರುತ್ತದೆ ಅಷ್ಟೇ. ಈಗ ಹೊಸದಾಗಿ ಟೈಪ್ ಮಾಡಿದವು ಮತ್ತು ಬೇರೆ ಫೈಲಿನಿಂದ ಆಮದು ಮಾಡಿದವು ಮಾತ್ರ ನಿಜವಾಗಿಯೂ ತಪ್ಪು ದಿನಕ್ಕೆ ಹೋಗಿರುತ್ತವೆ. ತಿಂಗಳ 12ರವರೆಗಿನ ತಾರೀಕುಗಳನ್ನಷ್ಟೇ ನೋಡಿದರೆ ಸಾಕು. 13ರಿಂದ ಮೇಲೆ ಅದಲುಬದಲು ಆಗಲು ಸಾಧ್ಯವೇ ಇಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ.

ರೂಪಾಯಿಯ ಈಗಿನ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ. ಅದಕ್ಕಿಂತ ಹಳೆಯ, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಈಗಿನ ಪದ್ಧತಿ) ತಿಳಿಯದ ಪ್ರೋಗ್ರಾಮ್‌ಗಳ ಅಕ್ಷರಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ರೀಜನ್‌ನ ಹೆಚ್ಚುವರಿ ಸೆಟ್ಟಿಂಗಿನಲ್ಲಿ ಕರೆನ್ಸಿ ಪುಟಕ್ಕೆ ಹೋಗಿ ₹ ತೆಗೆದು ಇಂಗ್ಲಿಷಿನಲ್ಲಿ ಆರ್, ಎಸ್, ಚುಕ್ಕೆ ಟೈಪ್ ಮಾಡಿ. ಪ್ರಶ್ನೆ ಮಾಯ. ಲಕ್ಷ, ಕೋಟಿಯ ಲೆಕ್ಕದಲ್ಲಿ ಅಲ್ಪವಿರಾಮ ಬೀಳಬೇಕಿದ್ದರೂ ಅದೇ ಪುಟದಲ್ಲಿ ಆಯ್ಕೆ ಇದೆ, ಆದರೆ ಹಳೆಯ ಪ್ರೋಗ್ರಾಮ್ ಎಲ್ಲವೂ ಅದನ್ನು ಕೇಳುವುದಿಲ್ಲ.

ಕನ್ನಡದಲ್ಲಿ ಬರೆದ ವಿವರಗಳೆಲ್ಲ ಏನೇನೋ ಆಗಿವೆ.

ನಮ್ಮಲ್ಲಿ ಹೆಚ್ಚಿನವರು 'ಊರಿಗೆ ಕಳಿಸಿದ್ದು' ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆದು ಬಚಾವಾಗಿದ್ದಾರೆ. ನುಡಿ, ಬರಹದ ಹಳೆಯ ಫಾಂಟ್ ಹಾಕಿ ಕನ್ನಡದಲ್ಲೇ ಬರೆದವರಿಗೆ ಈ ತೊಂದರೆ. ಆ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಪದ ಹೇಗೆ ಕಾಣುತ್ತದೆ ಗೊತ್ತಾ? ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆಗೀಟಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಎಲ್‌ಐಸಿ ಕಂತು ಪೌಂಡಿನಲ್ಲಿ ಕಟ್ಟಿದ್ದೀವಾ ಅಂತ ಗಾಬರಿಯಾದವರೂ ಇದ್ದಾರೆ.

ಆಗ ಬಳಸಿದ ಫಾಂಟನ್ನೇ ಮತ್ತೆ ಹಾಕಿ, ಪ್ರೋಗ್ರಾಮಿನಲ್ಲಿ ಅದನ್ನೇ ಆರಿಸಿದರೆ ಅಕ್ಷರ ವಾಪಸ್ ಬರುತ್ತದೆ. ಹಾಗೆ ಮಾಡಿದರೂ ಬರದಿದ್ದರೆ ರೀಜನ್‌ನ ಅಡ್ಮಿನಿಸ್ಟ್ರೇಟಿವ್ ಪುಟ, 'ಚೇಂಜ್ ಸಿಸ್ಟಮ್ ಲೊಕೇಲ್' ನೋಡಿ. ಅಲ್ಲಿ 'ಬೀಟಾ, ಯುಟಿಎಫ್ 8' ಎಂಬ ಚೌಕ ಇದೆ. ಅದರಲ್ಲಿ ಟಿಕ್ ಇದ್ದರೆ ಹಳೆಯ ಪ್ರೋಗ್ರಾಮ್‌ಗಳ ಇಂಗ್ಲಿಷೇತರ ಅಕ್ಷರಗಳೆಲ್ಲ ಚೂರುಚೂರು. ಟಿಕ್ ತೆಗೆದು ಕಂಪ್ಯೂಟರ್ ಮತ್ತೆ ಶುರು ಮಾಡಿ. ಟಿಕ್ ಇರುವಾಗ ಆ ಸಾಲುಗಳನ್ನು ತಿದ್ದಿ ಸೇವ್ ಮಾಡಬೇಡಿ, ಕೆಟ್ಟ ರೂಪವೇ ಕಾಯಂ ಆಗುತ್ತದೆ.

ಲೆಕ್ಕವನ್ನು ಎಕ್ಸೆಲ್‌ಗೆ ತಂದ ಮೇಲೆ ಕನ್ನಡದ ಕಾಲಮ್ಮನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸಿಕೊಳ್ಳಬಹುದು. ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಪರಿವರ್ತಕ ಇದೆ. ಇಡೀ ಹಾಳೆ ಕೊಟ್ಟರೆ ಇಂಗ್ಲಿಷಿನಲ್ಲಿದ್ದ ಬ್ಯಾಂಕ್ ಹೆಸರೂ ಕನ್ನಡ ಅಕ್ಷರಗಳ ಚಿತ್ರಾನ್ನ ಆಗುತ್ತದೆ.

ನನ್ನದು ಕ್ವಿಕನ್.

2010ಕ್ಕೆ ಮೊದಲಿನ ಕ್ವಿಕನ್ ಒಂದೇ ಫೈಲಿನಲ್ಲಿ ಲೆಕ್ಕ ಇಡುತ್ತಿರಲಿಲ್ಲ. ಒಂದೇ ಹೆಸರಿನ, ಬೇರೆ ಬೇರೆ ಬಾಲದ ಫೈಲ್‌ಗಳ ಗುಂಪು ಇರುತ್ತಿತ್ತು. ಕ್ಯೂ-ಡಿ-ಎಫ್ ಒಂದನ್ನೇ ತಂದರೆ ಸಾಲದು, ಇಡೀ ಗುಂಪು ತನ್ನಿ. ತುಂಬ ಹಳೆಯ ಫೈಲನ್ನು ಇವತ್ತಿನ ಕ್ವಿಕನ್ ನೇರ ತೆರೆಯುವುದಿಲ್ಲ. ನಡುವೆ 2004, 2013ರಂಥ ಆವೃತ್ತಿಗಳಲ್ಲಿ ಒಮ್ಮೆ ತೆರೆದು ಮೇಲಕ್ಕೇರಿಸಬೇಕು. ಇಂಟ್ಯೂಟ್ ಕಂಪನಿ 2016ರಲ್ಲಿ ಕ್ವಿಕನ್ ಮಾರಿಬಿಟ್ಟಿತು. ಈಗಿನದು ಚಂದಾ ಕಟ್ಟಿ ಬಳಸುವುದು, ಅಮೆರಿಕ ಮತ್ತು ಕೆನಡಾದವರಿಗಾಗಿ ಮಾಡಿದ್ದು. ಮುಂಬೈಯಲ್ಲಿ ಕೂತು ಅದಕ್ಕೆ ಡಾಲರ್ ಕಟ್ಟುವುದರಲ್ಲಿ ಅರ್ಥವಿಲ್ಲ. ಹಳೆಯದರಲ್ಲಿ ತೆರೆದು, ಬೇರೆ ಪ್ರೋಗ್ರಾಮ್‌ಗಳೂ ಓದಬಲ್ಲ ಕ್ಯೂಐಎಫ್ ಫೈಲಾಗಿ ಲೆಕ್ಕ ತೆಗೆದುಕೊಂಡು ಹೊರಬನ್ನಿ.

ಅಕ್ಷರ ಇರುವೆಯಷ್ಟು ಕಾಣುತ್ತದೆ. ಸಹಾಯದ ಪುಟವೂ ತೆರೆಯಲ್ಲ.

ಪ್ರೋಗ್ರಾಮಿನ ಐಕಾನ್ ಮೇಲೆ ಬಲಗುಂಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್'. ಕೆಳಗಿನ ಚೌಕಕ್ಕೆ ಟಿಕ್ ಹಾಕಿ 'ಸಿಸ್ಟಮ್ (ಎನ್‌ಹಾನ್ಸ್ಡ್)' ಆರಿಸಿ. ಸಹಾಯದ ಪುಟದ್ದು, ಹಳೆಯ ಎಚ್‌ಎಲ್‌ಪಿ ಫೈಲ್ ತೆರೆಯುವ ಪ್ರೋಗ್ರಾಮನ್ನು ವಿಸ್ತಾದಿಂದಲೇ ಬಿಟ್ಟಿದ್ದಾರೆ. ಅದಿಲ್ಲದೆಯೂ ಕೆಲಸ ನಡೆಯುತ್ತದೆ.

'ಡಾಟ್ ನೆಟ್ 2.0 ಬೇಕು' ಎನ್ನುತ್ತದೆ. ಇನ್ನೊಂದು ಓಸಿಎಕ್ಸ್ ಇಲ್ಲ ಎನ್ನುತ್ತದೆ.

ಎರಡೂ ಪ್ರೋಗ್ರಾಮ್ ನಡೆಯಲು ಬೇಕಾದ ಪೂರಕ ಭಾಗಗಳು. ಮೊದಲನೆಯದಕ್ಕೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು ಡಾಟ್ ನೆಟ್ 3.5ಕ್ಕೆ ಟಿಕ್ ಹಾಕಿ, ಅದರಲ್ಲೇ 2.0 ಸೇರಿದೆ. ಓಸಿಎಕ್ಸ್ ಕೇಳುವುದು ವಿಷುವಲ್ ಬೇಸಿಕ್ 6ರಲ್ಲಿ ಬರೆದ ಪ್ರೋಗ್ರಾಮ್. ಹಿಂದೆ ಪರಿಚಯದ ಪ್ರೋಗ್ರಾಮರ್ ಬರೆದುಕೊಟ್ಟ ಚೀಟಿ ಲೆಕ್ಕ, ಸೊಸೈಟಿ ಮೇಂಟೆನೆನ್ಸ್ ಲೆಕ್ಕದ ಪ್ರೋಗ್ರಾಮ್‌ಗಳಲ್ಲಿ ಇದು ಮಾಮೂಲು. ಆ ಫೈಲನ್ನು ಕಂಡ ಕಂಡ ತಾಣದಿಂದ ಇಳಿಸಬೇಡಿ. ಮೂಲ ಸೆಟಪ್ಪನ್ನೇ ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ನಡೆಸಿ. ಇಲ್ಲವೇ ಹಳೆಯ ಕಂಪ್ಯೂಟರಿನ ಸಿಸ್ಟಮ್32ರಿಂದ ತನ್ನಿ. 64 ಬಿಟ್ ವಿಂಡೋಸಿನಲ್ಲಿ ಅದು ಕೂರಬೇಕಾದ ಜಾಗ ಸಿಸ್‌ವಾವ್64. ಹೆಸರು ನೋಡಿದರೆ ಉಲ್ಟಾ ಅನಿಸುತ್ತದೆ, ಆದರೆ 32 ಬಿಟ್ಟಿನವು ಇರುವುದು ಅಲ್ಲೇ.

ಹೋಟೆಲಿನ ಲೆಕ್ಕ ಟ್ಯಾಲಿ 7.2ರಲ್ಲಿದೆ, ಮನೆಯದೂ ಅದರಲ್ಲೇ ಸೇರಿದೆ.

ಶೆಟ್ರೇ, ಇದನ್ನು ನೀವೇ ಮಾಡಲು ಹೋಗಬೇಡಿ. 7.2ರ ಡೇಟಾ ಈಗಿನ ಟ್ಯಾಲಿಪ್ರೈಮ್‌ನಲ್ಲಿ ಹಾಗೇ ತೆರೆಯುವುದಿಲ್ಲ, ಮೊದಲು ಪರಿವರ್ತನೆ ಆಗಬೇಕು. ಡೇಟಾ ಫೋಲ್ಡರ್ ಪೂರ್ತಿ ಕಾಪಿ ಮಾಡಿ ನಿಮ್ಮ ಸಿಎ ಕಚೇರಿಯಲ್ಲಿ ಕೊಡಿ.

ಫೈಲಿನಲ್ಲಿ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕ್ ಅಕೌಂಟ್‌ಗಳಿವೆ. ಈಗ ಆ ಬ್ಯಾಂಕ್‌ಗಳೇ ಇಲ್ಲವಲ್ಲ?

ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಯಿತು. ನಮ್ಮ ಕಡೆ ಹುಟ್ಟಿದ ಬ್ಯಾಂಕ್‌ಗಳ ಪೈಕಿ ಹಳೆಯ ಹೆಸರಲ್ಲೇ ಉಳಿದ ದೊಡ್ಡವು ಕೆಲವೇ.

ಹೊಸ ಅಕೌಂಟ್ ತೆರೆದು ಹಳೆಯದರಿಂದ ಹಣ ವರ್ಗಾಯಿಸಿದಂತೆ ಬರೆಯುವವರಿದ್ದಾರೆ. ಅಗತ್ಯವಿಲ್ಲ. ಹಣ ಎಲ್ಲೂ ಹೋಗಿಲ್ಲ, ಬೋರ್ಡ್ ಬದಲಾಗಿದೆ. ಅದೇ ಅಕೌಂಟಿನ ಹೆಸರು ತಿದ್ದಿ. ಹಳೆಯ ಹೆಸರು, ನಂಬರು, ಐಎಫ್‌ಎಸ್‌ಸಿ ಟಿಪ್ಪಣಿಯಲ್ಲಿ ಇರಲಿ. ಹಳೆಯ ಎಫ್‌ಡಿ ರಸೀದಿ ಹೊಂದಿಸುವಾಗ ಬೇಕಾಗುತ್ತದೆ.

ಷೇರು ಬೆಲೆ ತಾನಾಗಿ ಬರುತ್ತಿಲ್ಲ.

ಬರುವುದೂ ಇಲ್ಲ, ಆ ಸೇವೆ ನಿಂತು ಎಷ್ಟೋ ವರ್ಷವಾಯಿತು. ತಿಂಗಳ ಕೊನೆಗೆ ಕೈಯಾರೆ ಹಾಕಿ. ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಫಂಡ್ ಕಂಪನಿಗಳ ಸಂಘವಾದ ಆಂಫಿಯ ತಾಣದಲ್ಲಿ ದಿನವೂ ಸಿಗುತ್ತದೆ.

ಹಳೆಯ ಸಾಫ್ಟ್‌ವೇರ್ ಬಳಸುವುದು ಅಪಾಯವಾ?

ಹೊಸ ವಿಂಡೋಸಿನಲ್ಲಿ, ಇಂಟರ್‌ನೆಟ್ಟಿನ ಹಂಗಿಲ್ಲದೆ ಲೆಕ್ಕ ಬರೆಯಲಷ್ಟೇ ಬಳಸಿದರೆ ಹೆದರಬೇಕಾಗಿಲ್ಲ. ಸನ್‌ಸೆಟ್ ಹಾಗೆ ವರ್ಷಗಟ್ಟಲೆ ನಡೆಯುತ್ತದೆ. ಅಪಾಯ ಇರುವುದು ಅದಕ್ಕೋಸ್ಕರ ಇಡೀ ಎಕ್ಸ್‌ಪಿ ಕಂಪ್ಯೂಟರನ್ನೇ ನೆಟ್‌ಗೆ ಜೋಡಿಸಿ ಇಟ್ಟುಕೊಳ್ಳುವುದರಲ್ಲಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ ಬೆಂಬಲ ಇಲ್ಲ. ಅದನ್ನು ಇಟ್ಟುಕೊಳ್ಳಿ, ವೈಫೈ ಕಿತ್ತುಹಾಕಿ ಇಟ್ಟುಕೊಳ್ಳಿ. ಅದರಲ್ಲಿ ನೆಟ್ ಬ್ಯಾಂಕಿಂಗ್ ಮಾತ್ರ ಬೇಡ.

ಬೇರೆ ಸಾಫ್ಟ್‌ವೇರಿಗೆ ಹೋಗುವುದಾದರೆ ಯಾವುದು? ಹಳೆಯ ಲೆಕ್ಕ ಬರುತ್ತಾ?

ನಾನು ಹೇಳುವುದು ಗ್ನೂಕ್ಯಾಶ್. ಉಚಿತ, ಚಂದಾ ಇಲ್ಲ, ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಜಮಾ-ಖರ್ಚಿನ ಎರಡು ಬದಿಯ ಪದ್ಧತಿ. ಬ್ಯಾಂಕಿನಲ್ಲಿದ್ದವರಿಗೆ ನೀರು ಕುಡಿದಷ್ಟು ಸುಲಭ, ಉಳಿದವರಿಗೆ ಮೊದಲು ಸ್ವಲ್ಪ ತಲೆ ತಿರುಗುತ್ತದೆ. ಅಷ್ಟು ಬೇಡ ಎಂದರೆ ಹೋಮ್‌ಬ್ಯಾಂಕ್ ಅಥವಾ ಮನಿ ಮ್ಯಾನೇಜರ್ ಎಕ್ಸ್.

ಸಾಗಿಸುವ ಗಾಡಿ ಕ್ಯೂಐಎಫ್. ಮನಿಯಲ್ಲಿ ಫೈಲ್, ಎಕ್ಸ್‌ಪೋರ್ಟ್. 'ಲೂಸ್' ಮತ್ತು 'ಸ್ಟ್ರಿಕ್ಟ್' ಎಂದು ಎರಡು ಬಗೆ ಕೇಳುತ್ತದೆ, ಮೊದಲು ಸ್ಟ್ರಿಕ್ಟ್ ಪ್ರಯತ್ನಿಸಿ. ಒಂದು ಸಲಕ್ಕೆ ಒಂದೇ ಅಕೌಂಟ್ ಹೊರಬರುತ್ತದೆ, ತಾಳ್ಮೆ ಬೇಕು. ಫೈಲಿಗೆ ಅಕೌಂಟಿನ ಹೆಸರನ್ನೇ ಇಡಿ. ಗ್ನೂಕ್ಯಾಶ್‌ಗೆ ತರುವಾಗ ಮಾತ್ರ ಎಲ್ಲವನ್ನೂ ಒಂದೇ ಬಾರಿಗೆ ಸೇರಿಸಿ. ಉಳಿತಾಯ ಖಾತೆಯಿಂದ ಎಫ್‌ಡಿಗೆ ಹಾಕಿದ 50,000 ಎರಡೂ ಫೈಲಿನಲ್ಲಿ ಇರುತ್ತದೆ. ಒಟ್ಟಿಗೆ ಕೊಟ್ಟರೆ ಅದು ಜೋಡಿ ಗುರುತಿಸಿ ಒಂದೇ ವ್ಯವಹಾರ ಮಾಡುತ್ತದೆ. ಬೇರೆ ಬೇರೆ ಕೊಟ್ಟರೆ ಎರಡು ಸಲ ಬರೆಯುವ ಸಾಧ್ಯತೆ ಜಾಸ್ತಿ. ತಾರೀಕಿನ ಕ್ರಮ ಕೇಳಿದಾಗ ಕಣ್ಣುಮುಚ್ಚಿ ಒತ್ತಬೇಡಿ.

ಷೇರು ಅಕೌಂಟ್‌ಗಳಲ್ಲಿ ಬೋನಸ್, ಸ್ಪ್ಲಿಟ್ ಸರಿಯಾಗಿ ಬರುವುದು ಕಡಿಮೆ. ಅವನ್ನು ಕೈಯಲ್ಲೇ ಸರಿಮಾಡಬೇಕು. ಕೊನೆಗೆ ಪ್ರತಿ ಅಕೌಂಟಿನ ಶಿಲ್ಕು ಹಳೆಯದರ ಜೊತೆ ಹೋಲಿಸಿ. ಪ್ರತಿ ವರ್ಷದ ಮಾರ್ಚ್ 31ರ ಶಿಲ್ಕೂ ನೋಡಿದರೆ ಎಲ್ಲಿ ತಪ್ಪಿದೆ ಎಂದು ಬೇಗ ಸಿಗುತ್ತದೆ.

ಅರ್ಧ ಇನ್‌ಸ್ಟಾಲ್ ಆಗಿ ನಿಂತಿತು. ಮತ್ತೆ ಹಾಕಲು ಹೋದರೆ 'ಈಗಾಗಲೇ ಇದೆ' ಅನ್ನುತ್ತದೆ, ತೆಗೆಯಲು ಹೋದರೆ 'ಇಲ್ಲ' ಅನ್ನುತ್ತದೆ.

ಮೈಕ್ರೋಸಾಫ್ಟಿನದೇ 'ಪ್ರೋಗ್ರಾಮ್ ಇನ್‌ಸ್ಟಾಲ್ ಅಂಡ್ ಅನ್‌ಇನ್‌ಸ್ಟಾಲ್' ಟ್ರಬಲ್‌ಶೂಟರ್ ಇಳಿಸಿ ನಡೆಸಿ. ಪಟ್ಟಿಯಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರು ಆರಿಸಿದರೆ ಉಳಿದ ಕಸ ತೆಗೆಯುತ್ತದೆ. ಆಮೇಲೆ ಪ್ರೋಗ್ರಾಮ್ ಫೈಲ್ಸ್ ಒಳಗೆ ಹಳೆಯ ಫೋಲ್ಡರ್ ಉಳಿದಿದ್ದರೆ ಅಳಿಸಬೇಡಿ, ಹೆಸರಿನ ಮುಂದೆ 'ಹಳೆಯದು' ಎಂದು ಸೇರಿಸಿ. ಒಳಗೆ ಲೆಕ್ಕದ ಫೈಲ್ ಇದ್ದರೂ ಇರಬಹುದು. ಕಂಪ್ಯೂಟರ್ ಮತ್ತೆ ಶುರು ಮಾಡಿ, ಸೆಟಪ್ ಮೇಲೆ ಬಲಗುಂಡಿ ಒತ್ತಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆರಿಸಿ.

ಮಗಳು ಮ್ಯಾಕ್ ಕೊಡಿಸಿದ್ದಾಳೆ. ಅದರಲ್ಲಿ ಆಗುತ್ತಾ?

ಮನಿ ವಿಂಡೋಸಿನದು, ಮ್ಯಾಕ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. 2019ರಲ್ಲಿ ಬಂದ ಕ್ಯಾಟಲಿನಾ ಎಂಬ ಆವೃತ್ತಿಯಿಂದ ಮುಂದಿನ ಮ್ಯಾಕ್‌ಗಳು 32 ಬಿಟ್ ಪ್ರೋಗ್ರಾಮ್‌ಗಳನ್ನೂ ಬಿಟ್ಟಿವೆ, ಹಾಗಾಗಿ ಹಳೆಯ ಮ್ಯಾಕ್ ಕ್ವಿಕನ್ ಕೂಡ ಹೊರಗೆ. ಯಾರದಾದರೂ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಂದು ಮಧ್ಯಾಹ್ನ ಕೂತು ಕ್ಯೂಐಎಫ್ ತೆಗೆದುಕೊಳ್ಳಿ. ಗ್ನೂಕ್ಯಾಶ್ ಮ್ಯಾಕ್‌ನಲ್ಲೂ ಇದೆ. ಕೆಲಸ ಮುಗಿದ ಮೇಲೆ ಅವರ ಲ್ಯಾಪ್‌ಟಾಪಿನಿಂದ ನಿಮ್ಮ ಫೈಲ್ ಅಳಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿ.